ಒಗೆಯುವ ಕಲ್ಲಿಗೆ ಕಟ್ಟಿದ ಕೋಳಿ

ಅತ್ತೆ, ನಿಮ್ಮ ಮಂಗಳ ಬರೆಯುತ್ತಿದ್ದೇನೆ.

ಊರಿನಿಂದ ಕಾಗದ ಬಂದರೆ ನೀವು ಕೈಕೆಲಸ ಬಿಟ್ಟು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು, ನಿಧಾನಕ್ಕೆ ಓದು ಎನ್ನುತ್ತಿದ್ದಿರಿ. ನಿಮಗೆ ಅಕ್ಷರ ಬರುತ್ತಿರಲಿಲ್ಲ. ಯಾರಿಗೆ ಮದುವೆ, ಯಾರಿಗೆ ಹೆರಿಗೆ, ಎಲ್ಲವೂ ನನ್ನ ಬಾಯಿಂದಲೇ ನಿಮ್ಮ ಕಿವಿಗೆ ಬೀಳಬೇಕಿತ್ತು. ಅದಕ್ಕೇ ಈಗ ಒಂದೊಂದು ಸಾಲು ಬರೆದಾಗಲೂ ಮೆಲ್ಲಗೆ ಬಾಯಿಬಿಟ್ಟು ಓದಿಕೊಳ್ಳುತ್ತಿದ್ದೇನೆ. ನೀವು ಹೋಗಿ ಮೂರು ವರ್ಷವಾಯಿತು. ಹೇಳುವುದಕ್ಕೆ ಬೇಕಾದಷ್ಟಿತ್ತು, ಮನಸ್ಸಿನಲ್ಲೇ ಹೇಳಿಕೊಂಡು ಸುಮ್ಮನಾಗಿದ್ದೆ. ಹೋದ ವಾರ ನಡೆದದ್ದನ್ನು ಮಾತ್ರ ಹಾಗೆ ಬಿಡಲು ಆಗಲಿಲ್ಲ. ಅದನ್ನು ಹೇಳಬೇಕಾದರೆ ಆ ಕೋಳಿಯಿಂದ ಶುರುಮಾಡಬೇಕು. ಒಂದು ಕೋಳಿಯ ಪುಕ್ಕ ಉದುರಿದ್ದಕ್ಕೆ ನಾವಿಬ್ಬರೂ ಪಟ್ಟ ಪಾಡು ಮರೆತಿದ್ದೀರಾ ನೀವು?

ಯುದ್ಧ ಮುಗಿದ ವರ್ಷದ ಬೇಸಿಗೆ ಅದು. ನಿಮ್ಮ ಮಗನಿಗೆ ಟೈಫಾಯ್ಡ್ ಬಂದು ನಲವತ್ತು ದಿನ ನಡುಮನೆಯಲ್ಲಿ ಮಲಗಿದ್ದರು. ಜ್ವರ ಬಿಟ್ಟಿತು, ಆದರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ನಡುಮನೆಯಿಂದ ಜಗಲಿಗೆ ಬರಬೇಕಾದರೂ ಗೋಡೆ ಹಿಡಿಯಬೇಕು. ಪೇಟೆಯ ಪಾತ್ರೆ ಅಂಗಡಿಯನ್ನು ಚಿಕ್ಕಮಾವನವರು ನೋಡಿಕೊಳ್ಳುತ್ತಿದ್ದರು. ಒಂದು ದಿನ ಡಾಕ್ಟರು ಬಂದು ನಾಡಿ ನೋಡಿ, ನಮ್ಮಿಬ್ಬರನ್ನೂ ಜಗಲಿಗೆ ಕರೆದು, ಇವರಿಗೆ ದಿನಾ ಒಂದು ಹಸಿ ಮೊಟ್ಟೆ ಹಾಲಿಗೆ ಕಲಸಿ ಕೊಡಬೇಕು, ಬರೀ ಗಂಜಿಯಲ್ಲಿ ಈ ದೇಹ ಏಳುವುದಿಲ್ಲ ಎಂದರು. ನೀವು ಸೆರಗು ಬಿಗಿಯಾಗಿ ಹೊದ್ದುಕೊಂಡು ಗೇಟಿನ ಕಡೆ ನೋಡುತ್ತ ನಿಂತುಬಿಟ್ಟಿರಿ. ಡಾಕ್ಟರು ಹೋದದ್ದೂ ನಿಮಗೆ ಗೊತ್ತಾಗಲಿಲ್ಲ.

ಎರಡು ದಿನ ನೀವು ಆ ಮಾತೇ ಎತ್ತಲಿಲ್ಲ. ಮೂರು ಹೊತ್ತು ಲಿಂಗಪೂಜೆ ಮಾಡಿಕೊಂಡು ಬಂದ ಮನೆ. ನಿಮ್ಮ ಮಗನಂತೂ ನಿಮಗಿಂತ ಕಟ್ಟುನಿಟ್ಟು. ಹೊರಗೆ ಎಲ್ಲಿಯೂ ನೀರು ಸಹ ಮುಟ್ಟದವರು. ಮೂರನೆಯ ದಿನ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ನೀವು ಹಿತ್ತಿಲಿಗೆ ಬಂದು ನನ್ನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿರಿ. ‘ಕೇಳಿದ್ರೆ ಅವನು ಬೇಡ ಅಂತಾನೆ. ಕೇಳೋದು ಬೇಡ. ಪಾಪ ಬಂದ್ರೆ ನನಗೆ ಬರಲಿ ಮಂಗಳಾ, ನಿನಗಲ್ಲ’ ಎಂದಿರಿ. ನಾನು ಸೋಪು ಹಿಡಿದುಕೊಂಡೇ ನಿಮ್ಮ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ನನಗೆ ನಿಮ್ಮ ಮೇಲೆ ಭಯವಿತ್ತು, ಗೌರವವಿತ್ತು. ಆವತ್ತು ಬೇರೆ ಏನೋ ಒಂದು…

ಸೊಪ್ಪಿನ ಮುನಿಯಮ್ಮ ಬಂದಾಗ ನೀವೇ ಅವಳನ್ನು ಹಿತ್ತಿಲ ಬಾಗಿಲಿಗೆ ಕರೆದಿರಿ. ಮಾರುಕಟ್ಟೆಯಿಂದ ಮಂಕರಿ ಹೊತ್ತು ನಮ್ಮ ಬೀದಿಗೆ ದಂಟು, ಮೆಂತ್ಯ ತರುತ್ತಿದ್ದವಳು. ಹತ್ತು ವರ್ಷದಲ್ಲಿ ಒಂದು ದಿನವೂ ಅವಳನ್ನು ಹಿಂದಿನ ಬಾಗಿಲಿಗೆ ಕರೆದವರಲ್ಲ ನೀವು. ಸೊಪ್ಪಿನ ಕೆಳಗಿಟ್ಟು ದಿನಾ ಒಂದು ಮೊಟ್ಟೆ ತಂದುಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು ಅವಳು. ನೀವು ಒಪ್ಪಲಿಲ್ಲ. ಕಂಡಲ್ಲಿ ಕೆದಕಿ ತಿಂದ ಕೋಳಿಯ ಮೊಟ್ಟೆ ನನ್ನ ಮಗನಿಗೆ ಬೇಡ, ಕೋಳಿಯನ್ನೇ ತಂದುಕೊಡು, ನಾನು ಕಾಳು ಹಾಕಿ ಸಾಕುತ್ತೇನೆ ಎಂದಿರಿ. ಮುನಿಯಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮಾರನೆಯ ದಿನ ಕೆಂಚು ಬಣ್ಣದ ಆ ಕೋಳಿ ಬಂತು. ಮುನಿಯಮ್ಮನ ಮನೆಯ ಗೋಡೆ ಬಿದ್ದಿದೆ, ಸ್ವಲ್ಪ ದಿನ ಕೋಳಿ ನಮ್ಮ ಹಿತ್ತಿಲಲ್ಲಿರುತ್ತದೆ ಎಂದು ನಿಮ್ಮ ಮಗನಿಗೆ ಹೇಳಿದಿರಿ. ಅವರು ಹೂಂ ಎಂದು ಮಗ್ಗುಲಾದರು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಚಪ್ಪಡಿ ಹಾಸಿದ್ದ ಜಾಗದಲ್ಲೇ ಅದಕ್ಕೆ ವಾಸ. ಮಣ್ಣಿಗೆ ಇಳಿದು ಹುಳಹುಪ್ಪಟೆ ತಿನ್ನಬಾರದೆಂದು ನಿಮ್ಮ ಹಳೆಯ ಸೀರೆಯ ಅಂಚನ್ನು ಹರಿದು ಅದರ ಕಾಲಿಗೆ ನನ್ನಿಂದ ಕಟ್ಟಿಸಿ, ಇನ್ನೊಂದು ತುದಿಯನ್ನು ಕಲ್ಲಿಗೆ ಬಿಗಿಸಿದಿರಿ. ರೇಷನ್ನಿನ ಕಾಲದಲ್ಲೂ ಅದಕ್ಕೆ ತೊಳೆದ ಅಕ್ಕಿನುಚ್ಚು, ರಾಗಿ, ಹೆಚ್ಚಿದ ಸೊಪ್ಪು. ಒಂದು ಇರುವೆ ಆ ಕಡೆ ಹೋದರೂ ಪೊರಕೆ ತೆಗೆದುಕೊಂಡು ಓಡುತ್ತಿದ್ದಿರಲ್ಲ, ನೆನಪಿದೆಯೇ? ಮುಟ್ಟುವುದು ಮಾತ್ರ ನನ್ನ ಕೆಲಸ. ಮೊಟ್ಟೆ ಒಡೆಯುವುದನ್ನು ಮುನಿಯಮ್ಮ ಕಲಿಸಿದಳು. ಮೊದಲ ದಿನ ಅರ್ಧ ಮೊಟ್ಟೆ ಚಪ್ಪಡಿಯ ಪಾಲಾಯಿತು. ಏಲಕ್ಕಿ, ಸಕ್ಕರೆ, ಒಂದೆಳೆ ಕೇಸರಿ ಹಾಕಿ ಚೆನ್ನಾಗಿ ಕಲಸಿ ಲೋಟ ಹೊರಗಿಡುತ್ತಿದ್ದೆ. ನೀವು ಅದನ್ನು ಒಳಗೆ ಒಯ್ದು, ಆಯುರ್ವೇದದ ಪಂಡಿತರು ಕೊಟ್ಟ ಪುಡಿ ಹಾಕಿದ ಹಾಲು ಎಂದು ಮಗನ ಕೈಗೆ ಕೊಡುತ್ತಿದ್ದಿರಿ.

ಒಂದು ತಿಂಗಳಲ್ಲಿ ನಿಮ್ಮ ಮಗ ಗೋಡೆ ಬಿಟ್ಟು ನಡೆದರು. ಆವತ್ತು ನೀವು ನಂಜುಂಡೇಶ್ವರನಿಗೆ ಕೈಮುಗಿದು, ಹಿತ್ತಿಲಿಗೆ ಬಂದು ಕೋಳಿಗೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿದಿರಿ. ಅದನ್ನು ನೋಡಿ ನಾನು ಒಳಗೆ ಹೋಗಿ ನಕ್ಕಿದ್ದೆ. ಈಗ ಹೇಳಿದರೆ ಬೈಯುವುದಿಲ್ಲ ತಾನೇ?

ಆಷಾಢದ ಜಡಿಮಳೆ ಹಿಡಿದ ವಾರ ಬಂತು ನೋಡಿ ಆಪತ್ತು. ನಿಮ್ಮ ಮಗ ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ದಿಂಬಿನ ಮೇಲೆ, ಟವೆಲ್ಲಿನ ಮೇಲೆ, ಎಲ್ಲಿ ನೋಡಿದರೂ ಕೂದಲು. ಹದಿನೈದು ದಿನಕ್ಕೆ ನೆತ್ತಿ ಕಾಣತೊಡಗಿತು. ಡಾಕ್ಟರಿಗೆ ಹೇಳಿಕಳಿಸಿದೆವು. ಈ ಜ್ವರ ಬಂದು ಹೋದವರಿಗೆ ಎರಡು ಮೂರು ತಿಂಗಳಿಗೆ ಹೀಗಾಗುವುದುಂಟು, ಮತ್ತೆ ಬೆಳೆಯುತ್ತದೆ, ಮೊಟ್ಟೆ ನಿಲ್ಲಿಸಬೇಡಿ ಎಂದರು. ನಿಮಗೂ ಸಮಾಧಾನವಾಗಿತ್ತು. ಆದರೆ ಅದರ ಮಾರನೆಯ ಬೆಳಿಗ್ಗೆ ನೀವು ಅಕ್ಕಿನುಚ್ಚಿನ ಬಟ್ಟಲು ಹಿಡಿದು ಹಿತ್ತಿಲಿಗೆ ಹೋದವರು ಅಲ್ಲೇ ನಿಂತಿರಿ. ನಾನು ಬಂದು ನೋಡಿದರೆ ಕೋಳಿಯ ಬೆನ್ನಿನ ಮೇಲೆ ಅಂಗೈಯಗಲ ಪುಕ್ಕವಿಲ್ಲ. ಬಾಲದ ಬುಡವೂ ಬೋಳು. ಕೆಂಪು ಚರ್ಮ ಕಾಣುತ್ತಿತ್ತು.

ನೀವು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ‘ಇಬ್ಬರಿಗೂ ಒಂದೇ ಆಯ್ತಲ್ಲ’ ಎಂದಿರಿ. ಅಷ್ಟೇ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋಳಿಯ ರೋಗ ಮೊಟ್ಟೆಯಲ್ಲಿ ಮಗನಿಗೆ ಹೋಗಿದೆ, ಮಗನ ನೇಮವನ್ನು ಕದ್ದು ಕೆಡಿಸಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ನೀವು ಆ ಕ್ಷಣದಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಿರಿ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ‘ಡಾಕ್ಟರಿಗೆ ಕೋಳಿ ತೋರಿಸಿದ್ಯಾ?’ ಎಂದು ಕೇಳಿದಿರಿ. ಆವತ್ತಿನಿಂದ ಮಗನಿಗೆ ಮೊಟ್ಟೆ ಕೊಡುವುದನ್ನು ನಿಲ್ಲಿಸಿದಿರಿ. ನಂಜುಂಡೇಶ್ವರನಿಗೆ ತಪ್ಪುಕಾಣಿಕೆ ತೆಗೆದಿಟ್ಟಿರಿ. ಮಗನ ತಲೆಯಲ್ಲಿ ಕೂದಲು ಬರುವವರೆಗೆ ಕಾಫಿ ಕುಡಿಯುವುದಿಲ್ಲ ಎಂದು ಹರಕೆ ಹೊತ್ತಿರಿ. ಬೆಳಿಗ್ಗೆ ಒಂದು, ಸಂಜೆ ಒಂದು ಲೋಟ ಕಾಫಿ ಇಲ್ಲದಿದ್ದರೆ ತಲೆನೋವೆಂದು ಮಲಗುತ್ತಿದ್ದವರು ನೀವು.

ಕೋಳಿಯನ್ನು ವಾಪಸು ಕಳಿಸಿಬಿಡೋಣ ಎಂದು ನೀವು ಹೇಳಿದಾಗ, ಒಂದಷ್ಟು ದಿನ ತಡೆಯಿರಿ ಎಂದು ಬೇಡಿಕೊಂಡೆ. ಯಾಕೆ ಬೇಡಿಕೊಂಡೆ ಗೊತ್ತೇ? ಮೊಟ್ಟೆ ನಿಂತು ವಾರ ಕಳೆಯುವಷ್ಟರಲ್ಲಿ ನಿಮ್ಮ ಮಗ ಮತ್ತೆ ಗೋಡೆಗೆ ಕೈ ಕೊಡತೊಡಗಿದ್ದರು. ಕೋಳಿಗೆ ಏನಾಗಿದೆ ಎಂದು ತಿಳಿಯದೆ ನಿಮ್ಮ ಮನಸ್ಸು ತಿರುಗುವುದಿಲ್ಲ, ನಿಮ್ಮ ಮನಸ್ಸು ತಿರುಗದೆ ಅವರಿಗೆ ಮೊಟ್ಟೆ ಇಲ್ಲ. ನನ್ನ ಹತ್ತಿರ ಇದ್ದದ್ದು ಅದೊಂದೇ ದಾರಿ.

ಮೊದಲು ಹೇನೆಂದು ಅನುಮಾನಪಟ್ಟೆ. ಮುನಿಯಮ್ಮ ಹೇಳಿದಂತೆ ಒಲೆಯ ಬೂದಿಗೆ ಒಣಗಿದ ಬೇವಿನೆಲೆ ಪುಡಿಮಾಡಿ ಬೆರೆಸಿ ರೆಕ್ಕೆಯ ಸಂದಿಗೆಲ್ಲ ಉಜ್ಜಿದೆ. ಪುಕ್ಕ ಸರಿಸಿ ಸರಿಸಿ ನೋಡಿದೆ. ಒಂದು ಹೇನೂ ಕಾಣಲಿಲ್ಲ. ನೀವು ದೂರದಲ್ಲೇ ನಿಂತು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಿರಿ. ಆಮೇಲೆ ಇಲಿಯಿರಬಹುದೆಂದು ರಾತ್ರಿ ಮುಚ್ಚುವ ಬುಟ್ಟಿಯ ಮೇಲೆ ರುಬ್ಬುಗುಂಡು ಹೇರಿದೆ. ಯಾವುದೂ ನಾಟಲಿಲ್ಲ. ಬೋಳು ಜಾಗ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ದಿನಾ ಚಪ್ಪಡಿ ಗುಡಿಸುವವಳು ನಾನು. ಅಷ್ಟು ಪುಕ್ಕ ಉದುರಿದ್ದರೆ ಪೊರಕೆಗೆ ಸಿಗಬೇಕಿತ್ತಲ್ಲ? ಎರಡೋ ಮೂರೋ ಸಿಕ್ಕರೆ ಹೆಚ್ಚು. ಉಳಿದದ್ದು ಎಲ್ಲಿ ಹೋಯಿತು?

ಒಂದು ಮಧ್ಯಾಹ್ನ ನೀವು ಮಲಗಿದ್ದಾಗ, ಅಕ್ಕಿ ಆರಿಸುವ ನೆಪದಲ್ಲಿ ಮೊರ ಹಿಡಿದು ಬಚ್ಚಲ ಬಾಗಿಲಲ್ಲಿ ಕೂತೆ. ಕೋಳಿ ಕಾಳನ್ನು ಕುಕ್ಕಿ ಬಿಟ್ಟಿತು. ಕಾಲಿನ ಪಟ್ಟಿ ಎಳೆದುಕೊಂಡು ಚಪ್ಪಡಿಯ ಅಂಚಿನವರೆಗೆ ಹೋಯಿತು, ಅಲ್ಲಿಂದ ಆಚೆಗೆ ಪಟ್ಟಿ ಬಿಡಲಿಲ್ಲ. ಸ್ವಲ್ಪ ಹೊತ್ತು ಆ ಹಸಿಮಣ್ಣನ್ನೇ ಓರೆಗಣ್ಣಿಂದ ನೋಡುತ್ತ ನಿಂತಿತು. ಆಮೇಲೆ ಕತ್ತು ಹಿಂದಕ್ಕೆ ತಿರುಗಿಸಿ, ಬೆನ್ನಿನ ಮೇಲಿನ ಒಂದು ಪುಕ್ಕವನ್ನು ಕಚ್ಚಿ ಎಳೆದು ನುಂಗಿಬಿಟ್ಟಿತು. ನನಗೆ ನಂಬಲಾಗಲಿಲ್ಲ. ನೋಡುತ್ತಿದ್ದ ಹಾಗೇ ಇನ್ನೊಂದು. ಯಾರೂ ಕಿತ್ತಿರಲಿಲ್ಲ, ಯಾವ ರೋಗದಿಂದಲೂ ಉದುರಿರಲಿಲ್ಲ. ಅದರ ಪುಕ್ಕವನ್ನು ಅದೇ ಕಿತ್ತು ತಿನ್ನುತ್ತಿತ್ತು.

ಮಾರನೆಯ ದಿನ ಮುನಿಯಮ್ಮನಿಗೆ ಹೇಳಿದೆ. ಅವಳು ಮಂಕರಿ ಇಳಿಸಿ, ಕೋಳಿಯನ್ನು ಮಡಿಲಿಗೆ ಹಾಕಿಕೊಂಡು ಎದೆಯ ಮೂಳೆ ಸವರಿ ನೋಡಿದಳು. ಏನು ಹಾಕುತ್ತೀರಿ ಎಂದು ಕೇಳಿದಳು. ಹೇಳಿದೆ. ಹುಳ, ಗೆದ್ದಲು, ಮೀನಿನ ತಲೆ, ಏನೂ ಇಲ್ಲವೇ ಎಂದಳು. ಚಪ್ಪಡಿ ಬಿಟ್ಟು ಇಳಿಯಲು ನಮ್ಮತ್ತೆ ಬಿಡುವುದಿಲ್ಲ ಎಂದೆ. ಅವಳು ಕಾಲಿನ ಪಟ್ಟಿಯನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

‘ಕೋಳಿಗೂ ದೀಕ್ಷೆ ಕೊಡಿಸಿಬಿಟ್ರಾ ನಿಮ್ಮತ್ತೆ? ಅಮ್ಮಣ್ಣಿ, ಬರೀ ಕಾಳಲ್ಲಿ ಕೋಳಿ ಮೈ ನಿಲ್ಲಲ್ಲ. ಮೈ ಕೇಳ್ತಾ ಐತೆ, ಬಾಯಿಗೆ ಸಿಗ್ತಾ ಇಲ್ಲ. ಅದಕ್ಕೇ ತನ್ ಪುಕ್ಕಾನೇ ತಿಂತಾ ಐತೆ. ಬಿಚ್ಚಿ ಬಿಡಿ, ಹುಳ ತಿನ್ನಲಿ. ತಿಂಗಳಲ್ಲಿ ನೋಡಿ.’

ಅವಳು ಹೋದ ಮೇಲೆ ಎಷ್ಟು ಹೊತ್ತು ಒಗೆಯುವ ಕಲ್ಲಿನ ಮೇಲೆ ಕೂತಿದ್ದೆನೋ. ನಿಮಗೆ ಹೇಗೆ ಹೇಳಲಿ? ಕೋಳಿಯನ್ನು ಹೀಗೆ ಮಾಡಿದ್ದು ರೋಗವಲ್ಲ, ನಿಮ್ಮ ಮಡಿ ಎಂದು ಹೇಳುವುದೇ? ಮೊದಲೇ ಶಿಕ್ಷೆಯೆಂದು ಕೊರಗುತ್ತಿದ್ದಿರಿ, ಕಾಫಿ ಬಿಟ್ಟು ಕಣ್ಣು ಗುಳಿಬಿದ್ದಿತ್ತು. ಹೇಳಬೇಕೆಂದು ಎರಡು ಸಲ ಅಡುಗೆಮನೆಯವರೆಗೆ ಬಂದೆ. ಎರಡು ಸಲವೂ ಉಪ್ಪಿನ ಡಬ್ಬಿ ತೆಗೆದುಕೊಂಡು ಹೊರಗೆ ಹೋದೆ.

ಕೊನೆಗೆ ಕದ್ದು ಮಾಡಿದೆ ಅತ್ತೆ. ಬೆಳಿಗ್ಗೆ ನೀವು ಪೂಜೆಗೆ ಕೂತು ಕಣ್ಣುಮುಚ್ಚಿದರೆ ಮುಕ್ಕಾಲು ಗಂಟೆ ಏಳುತ್ತಿರಲಿಲ್ಲ. ಅಷ್ಟು ಹೊತ್ತು ಕಾಲಿನ ಪಟ್ಟಿ ಬಿಚ್ಚಿ ಕೋಳಿಯನ್ನು ಬಾಳೆಗಿಡದ ಬುಡಕ್ಕೆ ಬಿಡುತ್ತಿದ್ದೆ. ಮಳೆಗಾಲ, ಹಸಿಮಣ್ಣು, ಎರೆಹುಳುವಿಗೆ ಬರವೇ? ಮೊದಲ ದಿನ ಅದು ಕೆದಕಿದ ರಭಸ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಮುನಿಯಮ್ಮ ಆಗಾಗ ಸೊಪ್ಪಿನ ಕೆಳಗೆ ಗೆದ್ದಲಿನ ಹೆಂಟೆ ಇಟ್ಟುಕೊಂಡು ಬರುತ್ತಿದ್ದಳು. ನಿಮ್ಮ ಪೂಜೆಯ ಗಂಟೆ ಕೇಳಿದ ಕೂಡಲೇ ಹಿಡಿದು ಮತ್ತೆ ಕಟ್ಟಿ, ಅದರ ಕೊಕ್ಕು ಒರೆಸಿ, ನನ್ನ ಕೈ ತೊಳೆದು ಒಳಗೆ ಬರುತ್ತಿದ್ದೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಗಂಟೆ ಕೇಳಿಸಲಿಲ್ಲ. ಯಾಕೋ ತಿರುಗಿ ನೋಡಿದೆ. ಹಿತ್ತಿಲ ಬಾಗಿಲಲ್ಲಿ ನಿಮ್ಮ ಹಸಿರು ಸೀರೆಯ ಅಂಚು ಕಂಡಿತು. ಕೋಳಿಯ ಕೊಕ್ಕಿನಲ್ಲಿ ಗೇಣುದ್ದದ ಎರೆಹುಳು ತೂಗಾಡುತ್ತಿತ್ತು. ಬೈಗುಳಕ್ಕೆ ಕಾಯುತ್ತ ನಿಂತೆ. ಅಂಚು ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಟೆ ಕೇಳಿಸಿತು. ತಿಂಡಿಯ ಹೊತ್ತಿನಲ್ಲಿ ನೀವು ಏನೂ ಆಗದವರಂತೆ, ‘ನಾಳೆಯಿಂದ ಇನ್ನರ್ಧ ಗಂಟೆ ಜಾಸ್ತಿ ಪೂಜೆ ಮಾಡ್ತೀನಿ, ತಿಂಡಿ ನಿಧಾನಕ್ಕೆ ಆಗಲಿ’ ಎಂದಿರಿ. ನಾನು ಹೂಂ ಎಂದೆ. ನೀವು ನೋಡಿದಿರಿ ತಾನೇ ಅತ್ತೆ? ಆವತ್ತೂ ನಾನು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಿಮ್ಮ ಬಾಯಿಂದ ಹೇಳಿಸುವುದು ತಪ್ಪೆನಿಸಿತು.

ತಿಂಗಳು ತುಂಬುವಷ್ಟರಲ್ಲಿ ಬೋಳು ಬೆನ್ನಿನ ಮೇಲೆ ಮುಳ್ಳಿನ ಮೊನೆಗಳ ಹಾಗೆ ಹೊಸ ಪುಕ್ಕ ಎದ್ದಿತು. ಬೋಳಾದ ಮೇಲೆ ಮೊಟ್ಟೆ ಇಡುವುದನ್ನೇ ಬಿಟ್ಟಿದ್ದ ಕೋಳಿ ಒಂದು ಬೆಳಿಗ್ಗೆ ಹಿತ್ತಿಲು ಕಿತ್ತುಹೋಗುವ ಹಾಗೆ ಕೂಗಿ ಮೊಟ್ಟೆ ಇಟ್ಟಿತು. ನೀವು ಅಡುಗೆಮನೆಯಿಂದಲೇ, ಹಾಲು ಬಿಸಿಗಿಡು ಎಂದಿರಿ. ದಸರೆಯ ಹೊತ್ತಿಗೆ ನಿಮ್ಮ ಮಗನ ನೆತ್ತಿಯ ಮೇಲೂ ಕಪ್ಪು ಮೂಡಿತು. ಆ ದಿನ ಅವರ ತಲೆಯನ್ನು ಕಿಟಕಿಯ ಬೆಳಕಿಗೆ ಬಗ್ಗಿಸಿ ಬೆರಳಾಡಿಸಿ ನೋಡಿ, ನನ್ನ ಕಡೆ ತಿರುಗಿ, ‘ಒಂದು ಲೋಟ ಕಾಫಿ ಕೊಡು ಮಂಗಳಾ, ಗಟ್ಟಿಯಾಗಿರಲಿ’ ಎಂದಿರಿ. ಅಂಥ ಕಾಫಿ ನಾನು ಮತ್ತೆ ಯಾವತ್ತೂ ಮಾಡಿಲ್ಲ.

ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ನಿಮ್ಮೊಳಗೆ ಒಂದು ಉಳಿದೇ ಇತ್ತು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ, ನಿಮ್ಮ ಮಗ ಅಂಗಡಿಗೆ ಹೋದ ಮೇಲೆ, ನನ್ನ ಕೈ ಹಿಡಿದುಕೊಂಡಿರಿ. ‘ಅವನಿಗೆ ಗೊತ್ತಿಲ್ಲದ ಹಾಗೆ ಅವನ ನೇಮ ಕೆಡಿಸಿದೆ. ಹೆತ್ತವಳು ಮಗನಿಗೆ ಮೋಸ ಮಾಡಿದ ಹಾಗಾಯ್ತು. ಅವನಿಗೆ ಹೇಳಬೇಡ’ ಎಂದಿರಿ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೂ ನಿಮ್ಮ ಮುಖದ ಮೇಲಿನ ಆ ಭಾರ ಇಳಿಯಲಿಲ್ಲ. ಅದನ್ನು ಹೊತ್ತುಕೊಂಡೇ ಹೋದಿರಿ.

ಆ ಮಾತನ್ನು ಹೋದ ವಾರ ಮುರಿದೆ ಅತ್ತೆ. ನೀವು ಹೋದ ಮರುವರ್ಷ ನಮಗೆ ಹೆಣ್ಣುಮಗು ಹುಟ್ಟಿತು, ಗೌರಿ. ಕೋಪ ಬಂದರೆ ನಿಮ್ಮ ಹಾಗೇ ಮಾತು ಬಿಡುತ್ತಾಳೆ. ಅವಳಿಗೆ ದಡಾರ ಬಂದು ಹೋಗಿ ಸೊರಗಿದ್ದಾಳೆ. ಡಾಕ್ಟರು ಅದೇ ಮಾತು ಹೇಳಿದರು, ಮೊಟ್ಟೆ ಕೊಡಿ ಎಂದು. ನನಗೆ ಈ ಸಲ ಕದ್ದು ಮಾಡುವ ಮನಸ್ಸಾಗಲಿಲ್ಲ. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದ ನಿಮ್ಮ ಮಗನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಮುನಿಯಮ್ಮ, ಕೋಳಿ, ಪಂಡಿತರ ಪುಡಿ, ಒಂದನ್ನೂ ಬಿಡಲಿಲ್ಲ. ಅವರು ಪೇಪರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಕೋಪ ಬರುತ್ತದೆಂದು ಕಾದೆ.

‘ನನಗೆ ಆವಾಗ್ಲೇ ಗೊತ್ತಿತ್ತು’ ಎಂದರು. ಹೇಗೆ ಎಂದು ಕೇಳಿದೆ. ಮಲಗಿದವನಿಗೆ ಕಿವಿಗೊಡುವುದನ್ನು ಬಿಟ್ಟರೆ ಬೇರೆ ಕೆಲಸವೇನಿತ್ತು, ಹಿತ್ತಿಲಲ್ಲಿ ಕೋಳಿ ಕೂಗಿದ ಸ್ವಲ್ಪ ಹೊತ್ತಿಗೆ ಹಾಲು ಬರುತ್ತಿತ್ತು, ಅದು ಕೂಗದ ದಿನ ಹಾಲಿನಲ್ಲಿ ಪುಡಿಯ ವಾಸನೆ ಇರುತ್ತಿರಲಿಲ್ಲ ಎಂದರು. ಮೂರನೆಯ ದಿನಕ್ಕೇ ತಿಳಿದಿತ್ತಂತೆ. ಗೊತ್ತಿದ್ದೂ ಯಾಕೆ ಕುಡಿದಿರಿ ಎಂದೆ. ಅದಕ್ಕೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

‘ಅಮ್ಮ ಲೋಟ ಕೈಗೆ ಕೊಟ್ಟು ಬಾಗಿಲ ಹತ್ರ ಹೋಗಿ ನಿಂತ್ಕೋತಿದ್ರು, ಕಣ್ಣು ಮುಚ್ಕೊಂಡು. ನಾನು ಲೋಟ ಕೆಳಗಿಡೋ ಸದ್ದು ಕೇಳೋವರೆಗೂ ಕಣ್ಣು ತೆಗೀತಿರಲಿಲ್ಲ. ಹಾಗೆ ನಿಂತವರನ್ನ ನೋಡಿ ಬೇಡ ಅನ್ನೋಕೆ ಬಾಯಿ ಬರಲಿಲ್ಲ ಮಂಗಳಾ. ಗಟಗಟ ಕುಡಿದು, ಲೋಟಾನ ಸ್ವಲ್ಪ ಜೋರಾಗೇ ಇಡ್ತಿದ್ದೆ.’

ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ನೀವು ನಿಮ್ಮ ಮಗನಿಗೆ ಮೋಸ ಮಾಡಲಿಲ್ಲ ಅತ್ತೆ. ಅವರು ಗೊತ್ತಿದ್ದೇ ಕುಡಿದರು. ಗೌರಿಗೆ ನಾಳೆಯಿಂದ ಮೊಟ್ಟೆ ಶುರು. ಹಾಲಿಗೆ ಕಲಸಿ ನಿಮ್ಮ ಮಗನೇ ಕೈಯಾರೆ ಕುಡಿಸುತ್ತಾರಂತೆ.